ಬ್ರೇಕ್ ಪೈಪಿನೊಳಗಿನ ಪಾಸ್ಕಲ್

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರಲ್ಲಿ, ಫ್ರಾನ್ಸಿನ ಕ್ಲೆರ್ಮಾಂನಲ್ಲಿ. ತೆರಿಗೆ ಲೆಕ್ಕದಲ್ಲಿ ಅಪ್ಪ ಒದ್ದಾಡೋದು ನೋಡಿ, ಹತ್ತೊಂಬತ್ತಕ್ಕೇ ಕೂಡೋ-ಕಳೆಯೋ ಯಂತ್ರ ಮಾಡಲು ಕೂತ. ಮೈಗೆ ಸದಾ ಕಾಯಿಲೆ. 1648ರಲ್ಲಿ ಪಾದರಸದ ಕೊಳವೆ ಹಿಡಿದು ಬೆಟ್ಟ ಹತ್ತಿದ್ದು ಅವನಲ್ಲ, ಅವನ ಭಾವ. ಮುಚ್ಚಿದ ದ್ರವವನ್ನು ಎಲ್ಲಿ ಒತ್ತಿದರೂ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತೆ ಅಂತ ಬರೆದಿಟ್ಟ. ಅದು ಅಚ್ಚಾಗಿದ್ದು 1663ರಲ್ಲಿ. ಅಷ್ಟರಲ್ಲಿ, ಬರೀ 39ಕ್ಕೆ, ಹೋಗಿಬಿಟ್ಟಿದ್ದ.

ಮೊನ್ನೆ ಇಟ್ಟಿಗಿಯಲ್ಲಿ ಸೋದರಮಾವನ ಹಳೇ ಅಂಬಾಸಿಡರ್ ಬ್ರೇಕ್ ಒತ್ತಿದ್ರೆ ಪೆಡಲ್ ಸ್ಪಂಜಿನಂಗೆ ಒಳಗೆ ಹೋಗ್ತಿತ್ತು. ಬ್ರೇಕ್ ಆಯಿಲ್ ಕುಗ್ಗಲ್ಲ. ಪೈಪಿಗೆ ಸೇರಿದ ಗಾಳಿ ಕುಗ್ಗುತ್ತೆ, ಅಷ್ಟರಲ್ಲೇ ಪೆಡಲ್ ತಳ ಮುಟ್ಟುತ್ತೆ, ಒತ್ತಡ ಏರೋದೇ ಇಲ್ಲ. ಮಾವ ಪೆಡಲ್ ಒತ್ತಿ ಹಿಡಿದ್ರು. ನಾನು ನಿಪ್ಪಲ್ ಸಡಿಲಿಸಿ, ಅವರು ಕಾಲೆತ್ತೋ ಮುಂಚೆ ಬಿಗಿ ಮಾಡಿದೆ. ಮೊದಲೊಮ್ಮೆ ತಡ ಮಾಡಿ ಗಾಳಿ ವಾಪಸ್ ಎಳೆಸಿದ್ದೆ, ಬೈಸಿಕೊಂಡೆ. ನಾಲ್ಕನೇ ಗಾಲಿಗೆ ಪೆಡಲ್ ಗಟ್ಟಿಯಾಯ್ತು.