ಹೆಗಲಿಗೆ ಭಾರವಾಗದ ಕ್ಯಾಮೆರಾ

ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಒಂದೇ ಕ್ಯಾಮೆರಾಕ್ಕೆ ಸಾಲುವಷ್ಟಿತ್ತು. ಮುಂಬಯಿಯ ಅಂಗಡಿಯೊಂದರಲ್ಲಿ ನನ್ನೆದುರು ಎರಡು ಹಳೇ ಫಿಲ್ಮ್ ಕ್ಯಾಮೆರಾ: ಒಂದು ಭಾರೀ ಗಾತ್ರದ್ದು, ಇನ್ನೊಂದು 35 ಎಂ.ಎಂ.ನ ಪುಟ್ಟದು. ದೊಡ್ಡದೇ ತಗೋ ಅಂತ ಗೆಳೆಯನ ಒತ್ತಾಯ. ನನಗೆ ನೆನಪಾದವನು ಆಸ್ಕರ್ ಬಾರ್ನಾಕ್.

1879ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಮೆಕ್ಯಾನಿಕ್‌ಗೆ ಫೋಟೋ ಹುಚ್ಚು, ಜೊತೆಗೆ ಉಬ್ಬಸ. ಪ್ಲೇಟಿನ ಕ್ಯಾಮೆರಾ ಹೊತ್ತು ತಿರುಗಿದರೆ ಏದುಸಿರು. ವೆಟ್ಸ್‌ಲಾರ್ ಊರಿನ ಲೈಟ್ಜ್ ಕಾರ್ಖಾನೆಯಲ್ಲಿದ್ದಾಗ ಸಿನಿಮಾ ಫಿಲ್ಮ್ ಹಾಕಬಹುದಾದ ಪುಟ್ಟ ಕ್ಯಾಮೆರಾ ಕಟ್ಟಿದ. 1914ರಲ್ಲೇ ಅದರಿಂದ ಚಿತ್ರ ತೆಗೆದ. ಅಷ್ಟರಲ್ಲಿ ಮಹಾಯುದ್ಧ. ಕೊನೆಗೆ 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1936ರಲ್ಲಿ ಬಾರ್ನಾಕ್ ತೀರಿಕೊಂಡ. ಅವನ 24x36 ಮಿ.ಮೀ. ಚೌಕಟ್ಟು ಉಳಿಯಿತು.

ನಾನು ಪುಟ್ಟದ್ದನ್ನೇ ಕೊಂಡೆ. ಹೊತ್ತು ತಿರುಗಲಾಗದ ಕ್ಯಾಮೆರಾ ಕಪಾಟಿನಲ್ಲೇ ಕೂತಿರುತ್ತೆ, ಅಲ್ವೇ?