ಆರೋಗ್ಯ ಮಂತ್ರಿಗೆ ಮನೆ ಕಟ್ಟಿಸುವ ಕೆಲಸ ಯಾಕೆ? ಅನೈರಿನ್ ಬೆವನ್ ಬದುಕಿನ ಕತೆ

ಬ್ರಿಟನ್ನಿನ ಉಚಿತ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅಂದ ಕೂಡಲೇ ಕೇಳಿಬರುವ ಹೆಸರು ಅನೈರಿನ್ ಬೆವನ್. ಎಲ್ಲರಿಗೂ ಚಿಕಿತ್ಸೆ ಸಿಗುವಂತೆ ಮಾಡಿದ ಮಂತ್ರಿ ಎಂದೇ ಅವರು ಪ್ರಸಿದ್ಧರು. ಇದು ನಿಜ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ನಾವು ಇಲ್ಲಿ ನೋಡೋಣ.

ಬೆವನ್ ಹುಟ್ಟಿದ್ದು 1897ರಲ್ಲಿ, ವೇಲ್ಸ್‌ನ ಟ್ರೆಡೆಗರ್ ಎಂಬ ಗಣಿ ಊರಿನಲ್ಲಿ. ತಂದೆ ಕಲ್ಲಿದ್ದಲು ಗಣಿ ಕಾರ್ಮಿಕ. ಹುಡುಗನಿಗೆ ಉಗ್ಗು. 13ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದ. 1925ರಲ್ಲಿ ತಂದೆ ತೀರಿಕೊಂಡರು. ಕಾರಣ, ವರ್ಷಗಟ್ಟಲೆ ಶ್ವಾಸಕೋಶ ಸೇರಿದ್ದ ಗಣಿ ದೂಳು.

ಅದೇ ಊರಿನಲ್ಲಿ ಕಾರ್ಮಿಕರ ವೈದ್ಯಕೀಯ ನೆರವಿನ ಸಂಘವೊಂದಿತ್ತು. ಪ್ರತಿಯೊಬ್ಬರೂ ಕೂಲಿಯಿಂದ ಸ್ವಲ್ಪ ಹಣ ಹಾಕುತ್ತಿದ್ದರು. ಕಾಯಿಲೆ ಬಿದ್ದವರಿಗೆ ವೈದ್ಯರು, ಔಷಧ ಸಿಗುತ್ತಿತ್ತು. ಮುಂದೆ ಎನ್‌ಎಚ್‌ಎಸ್ ರೂಪಿಸುವಾಗ ಬೆವನ್ ಕಣ್ಣ ಮುಂದೆ ಇದ್ದದ್ದು ಈ ಮಾದರಿ.

1929ರಲ್ಲಿ ಅವರು ಸಂಸದರಾದರು, 1945ರಲ್ಲಿ ಆರೋಗ್ಯ ಮಂತ್ರಿಯಾದರು. ಆಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಸತಿಯೂ ಆರೋಗ್ಯ ಇಲಾಖೆಯಲ್ಲೇ ಇತ್ತು.

ಮನೆಗೂ ಆರೋಗ್ಯಕ್ಕೂ ಏನು ಸಂಬಂಧ?

ಕ್ಷಯ ಗಾಳಿಯಿಂದ ಹರಡುವ ರೋಗ. ಗಾಳಿಯಾಡದ ಒಂದೇ ಕೋಣೆಯಲ್ಲಿ ಇಡೀ ಕುಟುಂಬ ಮಲಗಿದರೆ ಒಬ್ಬರ ಕೆಮ್ಮು ಎಲ್ಲರಿಗೂ ಅಪಾಯ. ಔಷಧ ಕೊಟ್ಟು ಅದೇ ಕೋಣೆಗೆ ವಾಪಸ್ ಕಳಿಸಿದರೆ ರೋಗ ಮನೆಯಲ್ಲೇ ಸುತ್ತುತ್ತದೆ.

ಯುದ್ಧದ ಬಾಂಬಿಗೆ ಲಕ್ಷಾಂತರ ಮನೆಗಳು ನಾಶವಾಗಿದ್ದವು. ಬೆವನ್ ಹೊಸ ಮನೆಗಳ ಹೊಣೆಯನ್ನು ಹೆಚ್ಚಾಗಿ ಸ್ಥಳೀಯ ಕೌನ್ಸಿಲ್‌ಗಳಿಗೆ, ಅಂದರೆ ನಮ್ಮ ನಗರಸಭೆಗಳಂಥ ಸಂಸ್ಥೆಗಳಿಗೆ ವಹಿಸಿದರು. ಮೂರು ಮಲಗುವ ಕೋಣೆಗಳ ಮನೆ ಸುಮಾರು 900 ಚದರ ಅಡಿ ಇರಲೇಬೇಕು ಎಂದು ಪಟ್ಟು ಹಿಡಿದರು. ಮರ, ಇಟ್ಟಿಗೆ, ಕೆಲಸಗಾರರು ಎಲ್ಲದಕ್ಕೂ ಅಭಾವ. ಹಾಗಾಗಿ ಮನೆಗಳು ನಿಧಾನವಾಗಿ ಎದ್ದವು. 1946ರಲ್ಲಿ ಸಾವಿರಾರು ಕುಟುಂಬಗಳು ಖಾಲಿ ಬಿದ್ದಿದ್ದ ಸೇನಾ ಶಿಬಿರಗಳಿಗೆ ನುಗ್ಗಿ ನೆಲೆಸಿದವು. ಚಿಕ್ಕದಾದರೂ ಸರಿ, ಬೇಗ ಮನೆ ಕೊಡಿ ಎನ್ನುವವರ ವಾದದಲ್ಲೂ ಹುರುಳಿತ್ತು. ಬೆವನ್ ಬಗ್ಗಲಿಲ್ಲ. 1951ರಲ್ಲಿ ಬಂದ ಮುಂದಿನ ಸರ್ಕಾರ ಹೆಚ್ಚು ಮನೆ ಕಟ್ಟಿತು, ಅಳತೆ ಮಾತ್ರ ಕಿರಿದಾಯಿತು.

1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾಯಿತು. ಆಸ್ಪತ್ರೆಗಳು ರಾಷ್ಟ್ರದ ಕೈಗೆ ಬಂದವು. ಚರಂಡಿ, ಕೊಳಕು ಮನೆ, ಆಹಾರದ ತಪಾಸಣೆ ಕೌನ್ಸಿಲ್‌ಗಳ ಬಳಿಯೇ ಉಳಿಯಿತು. ಅಲ್ಲಿನ ನೈರ್ಮಲ್ಯ ಇನ್‌ಸ್ಪೆಕ್ಟರುಗಳು ಕಸಾಯಿಖಾನೆ, ಅಂಗಡಿ, ತೇವ ಹಿಡಿದ ಮನೆಗಳಿಗೆ ಹೋಗಿ ನೋಡುತ್ತಿದ್ದರು. ಸೋಂಕಿರುವ ಹಸುವಿನ ಹಸಿ ಹಾಲಿನಿಂದಲೂ ಕ್ಷಯ ಬರುತ್ತದೆ. ಪ್ಯಾಶ್ಚರೀಕರಿಸಿದ ಅಥವಾ ಕ್ಷಯ ಪರೀಕ್ಷೆಯಾದ ಹಸುಗಳ ಹಾಲನ್ನೇ ಮಾರಬೇಕು ಎಂಬ ನಿಯಮವನ್ನು ಪ್ರದೇಶವಾರು ಜಾರಿಗೆ ತರಲು 1949ರಲ್ಲಿ ಕಾನೂನು ಬಂತು.

ಎನ್‌ಎಚ್‌ಎಸ್ ನಿಜವಾಗಿಯೂ ಉಚಿತವೇ?

ರೋಗಿ ವೈದ್ಯರ ಮುಂದೆ ಹಣ ಎಣಿಸಬೇಕಿರಲಿಲ್ಲ. ಆದರೆ ಹಣ ಆಕಾಶದಿಂದ ಉದುರಲಿಲ್ಲ. ಮುಖ್ಯವಾಗಿ ಜನರ ತೆರಿಗೆಯಿಂದಲೇ ಬಂತು. 1951ರಲ್ಲಿ ಕನ್ನಡಕ ಮತ್ತು ಹಲ್ಲಿನ ಸೆಟ್ಟಿಗೆ ಶುಲ್ಕ ವಿಧಿಸಲು ಸರ್ಕಾರ ಮುಂದಾಯಿತು. ಆಗ ಕಾರ್ಮಿಕ ಖಾತೆಯಲ್ಲಿದ್ದ ಬೆವನ್ ರಾಜೀನಾಮೆ ಕೊಟ್ಟು ಹೊರನಡೆದರು.

ಅವರು ಕ್ಯಾನ್ಸರ್‌ನಿಂದ ತೀರಿಕೊಂಡದ್ದು 1960ರ ಜುಲೈ 6ರಂದು. ಎನ್‌ಎಚ್‌ಎಸ್‌ಗೆ 12 ವರ್ಷ ತುಂಬಿ ಒಂದೇ ದಿನವಾಗಿತ್ತು.

ಉಚಿತ ಚಿಕಿತ್ಸೆ ಕೊಟ್ಟ ಮಂತ್ರಿ ಎಂಬ ಫಾರ್ವರ್ಡ್ ನಿಮಗೆ ಬಂದರೆ ಅಳಿಸಬೇಡಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಕಳಿಸಿ: ಜನ ಕಾಯಿಲೆ ಬೀಳದ ಹಾಗೆ ಮನೆಯನ್ನೂ ಕಟ್ಟಿಸಿದವರು ಇವರೇ.