ನಕ್ಷೆಗಾರನ ಕೆಲಸ ಬಿಟ್ಟು ರಾಜನಾದವರು: ಛಾಯಾಗ್ರಾಹಕ ದೀನದಯಾಳರು

ಸರಕಾರವು ಕೆರೆಯನ್ನೋ ಕಾಲುವೆಯನ್ನೋ ಅಣೆಕಟ್ಟನ್ನೋ ಕಟ್ಟಿಸಿದಾಗ ಅದರ ಛಾಯಾಚಿತ್ರ ತೆಗೆಯಿಸಿ ಜನರ ಮುಂದಿಡುವುದು ಇಂದು ನಿನ್ನೆಯ ಪದ್ಧತಿಯಲ್ಲ. ನಮ್ಮ ನಾಚಾರಂಗೆ ಸಮೀಪದ ಸಿಕಂದರಾಬಾದಿನಲ್ಲಿ ಛಾಯಾಚಿತ್ರ ಶಾಲೆಯನ್ನಿಟ್ಟು, ನಿಜಾಮರ ರಾಜ್ಯವನ್ನೆಲ್ಲ ಗಾಜಿನ ಫಲಕಗಳ ಮೇಲೆ ಮೂಡಿಸಿದ ರಾಜಾ ದೀನದಯಾಳರು ಈ ಕಸುಬಿನ ಹಿರಿಯರಲ್ಲೊಬ್ಬರು. ಸಂಬಳದ ನೌಕರಿಯಿಂದಲೇ ಮೇಲೆ ಬಂದ ಅವರ ಜೀವನವು ಹೋಟೆಲಿನಲ್ಲಿಯೂ ಕಚೇರಿಯಲ್ಲಿಯೂ ದುಡಿಯುವ ನಮ್ಮ ವಾಚಕರು ಅರಿಯತಕ್ಕದ್ದಾಗಿದೆ.

ದೀನದಯಾಳರು 1844ರಲ್ಲಿ ಮೀರತ್ ಬಳಿಯ ಸರ್ಧಾನಾ ಎಂಬ ಊರಿನಲ್ಲಿ ಜೈನ ಕುಟುಂಬವೊಂದರಲ್ಲಿ ಜನಿಸಿದರು. ಓದಿದ್ದು ರೂರ್ಕಿಯ ಥಾಮ್ಸನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ. 1854ರಲ್ಲಿ ತೆರೆದ ಗಂಗಾ ಕಾಲುವೆಯಂತಹ ಕೆಲಸಗಳಿಗೆ ಜನರನ್ನು ತಯಾರುಮಾಡಲೆಂದೇ 1847ರಲ್ಲಿ ಸ್ಥಾಪಿತವಾದ ಶಾಲೆಯದು. 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ಮತ್ತು ನಕ್ಷೆಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಸೇರಿದರು. ಕಟ್ಟಡದ ಎತ್ತರವೆಷ್ಟು, ಕಟ್ಟೆಯ ಅಗಲವೆಷ್ಟು ಎಂದು ಅಳೆಯುವುದೇ ಅವರ ದಿನನಿತ್ಯದ ಕೆಲಸ.

1874ರ ಸುಮಾರಿಗೆ ಅವರ ಕೈಗೆ ಕ್ಯಾಮರಾ ಬಂದಿತು. ಆ ಕಾಲದಲ್ಲಿ ಗಾಜಿನ ಫಲಕಕ್ಕೆ ಔಷಧವನ್ನು ಸವರಿ, ಅದು ಒದ್ದೆಯಾಗಿರುವಾಗಲೇ ಚಿತ್ರವನ್ನು ಹಿಡಿದು, ಒಡನೆಯೇ ಕತ್ತಲೆಯಲ್ಲಿ ತೊಳೆಯಬೇಕಾಗಿತ್ತು. ಬಿಸಿಲಿನ ದೇಶದಲ್ಲಿ ಡೇರೆ, ನೀರು, ಗಾಜು, ಔಷಧಗಳನ್ನು ಹೊರಿಸಿಕೊಂಡು ತಿರುಗುವುದು ಸಾಮಾನ್ಯ ಸಾಹಸವಲ್ಲ. 1882ರಲ್ಲಿ ಸರ್ ಲೆಪೆಲ್ ಗ್ರಿಫಿನ್‌ರೊಡನೆ ಸಂಚರಿಸಿ ಮಧ್ಯಭಾರತದ ಪ್ರಾಚೀನ ಕಟ್ಟಡಗಳನ್ನು ಚಿತ್ರಿಸಿದರು. ಬಳಿಕ ನೆಚ್ಚಿನ ಸರಕಾರಿ ನೌಕರಿಯನ್ನೇ ತ್ಯಜಿಸಿ ಈ ಕಲೆಯನ್ನು ನಂಬಿದರು. ತಿಂಗಳ ಸಂಬಳವನ್ನು ಬಿಟ್ಟು ಸ್ವಂತ ಅಂಗಡಿಯಲ್ಲಿ ಕುಳಿತುಕೊಳ್ಳುವವನ ಎದೆಬಡಿತವನ್ನು ನಾವು ಬಲ್ಲೆವು.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡು, ಮುಂದೆ ರಾಜಾ ಬಹಾದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನು ದಯಪಾಲಿಸಿದರು. 1892ರಲ್ಲಿ ಪರದೆಯೊಳಗಿನ ಸ್ತ್ರೀಯರಿಗಾಗಿ ಪ್ರತ್ಯೇಕ ಛಾಯಾಚಿತ್ರ ಶಾಲೆಯು ಹೈದರಾಬಾದಿನಲ್ಲಿ ತೆರೆಯಿತು. ಅದರ ಮೇಲ್ವಿಚಾರಣೆಯೂ ಸ್ತ್ರೀಯದೇ. 1896ರಲ್ಲಿ ಮುಂಬಯಿಯಲ್ಲಿಯೂ ಶಾಖೆಯಾಯಿತು.

ಅರಮನೆ, ಬೇಟೆ, ಔತಣಗಳ ಚಿತ್ರಗಳಿಂದ ಅವರಿಗೆ ಕೀರ್ತಿ ಬಂದಿತು. ಆದರೆ ನಮ್ಮ ಮನಸ್ಸನ್ನು ಕಲಕುವ ಚಿತ್ರಗಳು ಬೇರೆ. 1899-1900ರ ಘೋರ ಕ್ಷಾಮದಲ್ಲಿ ನಿಜಾಮ ಸರಕಾರವು ಔರಂಗಾಬಾದ್ ಪ್ರಾಂತದಲ್ಲಿ ನಡೆಯಿಸಿದ ಪರಿಹಾರಕಾರ್ಯವನ್ನು ಅವರ ಸಂಸ್ಥೆಯು ಚಿತ್ರಿಸಿತು. ಆ ಕಾಲದ ಕ್ಷಾಮನೀತಿಯೆಂದರೆ, ಕೈಲಾದವರಿಗೆ ಕೆರೆಯ ಮಣ್ಣು ತೆಗೆಯುವ, ರಸ್ತೆಗೆ ಜಲ್ಲಿ ಒಡೆಯುವ ಕೂಲಿ, ಕೈಲಾಗದವರಿಗೆ ಗಂಜಿ. ಸರಕಾರದ ಸತ್ಕಾರ್ಯವನ್ನು ತೋರಿಸಲೆಂದೇ ಈ ಚಿತ್ರಗಳು ಸಿದ್ಧವಾದವು. ಆದರೆ ಕ್ಯಾಮರಾದ ಕಣ್ಣಿಗೆ ದಾಕ್ಷಿಣ್ಯವಿಲ್ಲ. ಲಂಗೋಟಿಯುಟ್ಟು ನಿಂತ ತರುಣರ ಎಣಿಸಬಹುದಾದ ಪಕ್ಕೆಲುಬುಗಳೂ ಆ ಫಲಕದ ಮೇಲೆ ಮೂಡಿದವು. ಸರದಾರರ ಚಿತ್ರದ ಕೆಳಗೆ ಹೆಸರು, ಬಿರುದುಗಳುಂಟು. ಈ ತರುಣರು ಬರಿಯ ಒಂದು ಗುಂಪು.

1904ರಲ್ಲಿ ಮಗ ಧರಮ್‌ಚಂದರು ತೀರಿಕೊಂಡರು. ಮರುವರ್ಷವೇ, 1905ರಲ್ಲಿ, ದೀನದಯಾಳರೂ ಕಾಲವಾದರು. ಅವರ 2,857 ಗಾಜಿನ ಫಲಕಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಪಡೆದುಕೊಂಡಿತು. 2006ರಲ್ಲಿ ಭಾರತ ಸರಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು.

ಇದೇ ಹೈದರಾಬಾದ್ ಸಂಸ್ಥಾನವು ಮದರಾಸಿನೊಡನೆ ಕೂಡಿ 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲಿಟ್ಟಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ರಾಯಚೂರು, ಬಳ್ಳಾರಿ ಕಡೆಯ ನಮ್ಮ ಬಾಂಧವರಲ್ಲಿ ಕೆಲವರ ಅಜ್ಜ ಅಜ್ಜಿಯರು ಅಲ್ಲಿ ಕಲ್ಲು ಮಣ್ಣು ಹೊತ್ತಿರಬಹುದು. ಅಂತಹ ಕೆಲಸದ ಹಳೆಯ ಚಿತ್ರವು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿ ತಿಳಿದು, ಚಿತ್ರದ ಹಿಂದೆ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕೆಂದು ವಾಚಕರನ್ನು ಕೋರುತ್ತೇವೆ. ಕಟ್ಟಿಸಿದವರ ಹೆಸರನ್ನು ಶಿಲೆಯ ಮೇಲೆ ಕೆತ್ತಲು ಸರಕಾರವಿದೆ. ಕಟ್ಟಿದವರ ಹೆಸರನ್ನು ಉಳಿಸಿಕೊಳ್ಳಬೇಕಾದವರು ಅವರ ಮನೆಯವರೇ.